ಹತ್ತಿ ಊರಿನ ಮೇಳದಲ್ಲಿ ಮೊದಲ ಸಲ

ನಿನ್ನೆ ರಾತ್ರಿ ನಮ್ಮನೆ ಹಾಡು ನಿಮ್ಮ ಹಿತ್ತಿಲಿಗೂ ಕೇಳಿಸಿರಬೇಕು, ಅಲ್ವಾ ಅಕ್ಕ? ಡಾಫ್ಟ್ ಪಂಕ್ ಅಂತ, ಪ್ಯಾರಿಸ್‌ನವರು. ತೋಮಾ ಬಂಗಾಲ್ಟರ್, ಗೀ ಮಾನ್ಯುಯೆಲ್ ದ ಓಮೆಮ್ ಕ್ರಿಸ್ಟೊ, ಇಬ್ಬರು ಗೆಳೆಯರು. ಹೊರಗೆ ಬಂದ್ರೆ ತಲೆಗೆ ರೋಬೋಟ್ ಹೆಲ್ಮೆಟ್, ಮುಖ ತೋರಿಸ್ತಿರಲಿಲ್ಲ. 1997ರಲ್ಲಿ ಬಂದ ಮೊದಲ ಆಲ್ಬಂ 'ಹೋಂವರ್ಕ್' ಮಲಗೋ ಕೋಣೆಯಲ್ಲಿ ಯಂತ್ರ ಜೋಡಿಸ್ಕೊಂಡು ಮಾಡಿದ್ದು. ನಾನು ನಿನ್ನೆ ಹಾಕಿದ್ದು ಅವರ ಕೊನೇ ಸ್ಟುಡಿಯೋ ಆಲ್ಬಂ, 2013ರ 'ರ್‍ಯಾಂಡಮ್ ಆಕ್ಸೆಸ್ ಮೆಮೊರೀಸ್'.

ಅದನ್ನ ಬಯಲಲ್ಲಿ ಜನಕ್ಕೆ ಮೊದಲು ಕೇಳಿಸಿದ್ದೆಲ್ಲಿ ಗೊತ್ತಾ? ಆಸ್ಟ್ರೇಲಿಯಾದ ವೀ ವಾ ಅನ್ನೋ ಊರಲ್ಲಿ. ಸಿಡ್ನಿಯಿಂದ 500 ಕಿಲೋಮೀಟರ್‌ಗೂ ಆಚೆ, ಸುತ್ತ ಹತ್ತಿ ಹೊಲ, ಜನ ಹೆಚ್ಚು ಕಮ್ಮಿ 2,000. ನಿಮ್ಮ ತವರು ಹಾವೇರಿ ಕಡೆ, ಹತ್ತಿ ಊರು ಅಂದ್ರೆ ನಿಮಗೆ ಬಿಡಿಸಿ ಹೇಳ್ಬೇಕಾ! ಅಲ್ಲಿ ವರ್ಷಕ್ಕೊಂದು ಸಲ ರೈತರ ಮೇಳ ಆಗುತ್ತೆ. ಆ ವರ್ಷ ಮೇ 17ರ ರಾತ್ರಿ ಮೇಳದ ಬಯಲಲ್ಲೇ ಕುಣಿಯೋಕೆ ದೀಪದ ನೆಲ ಹಾಸಿ ಇಡೀ ಆಲ್ಬಂ ಹಾಕಿದ್ರು. ಊರ ಜನಕ್ಕಿಂತ ಹೊರಗಿನಿಂದ ಬಂದೋರೇ ಜಾಸ್ತಿ. ಆಲ್ಬಂ ಮಾಡಿದ ಇಬ್ಬರೂ ಬರಲಿಲ್ಲ. ಕೆಲವೇ ದಿನ ಮುಂಚೆ ಅದು ಇಂಟರ್ನೆಟ್‌ನಲ್ಲಿ ಎಲ್ಲರ ಕಿವಿಗೂ ಬಿದ್ದಾಗಿತ್ತು. ಆದರೂ ಜನ ಬಂದ್ರು, ಕುಣಿದ್ರು. ಬಯಲಲ್ಲಿ ಗುರುತಿಲ್ಲದವರ ಹೆಗಲಿಗೆ ಹೆಗಲು ತಾಗಿಸ್ಕೊಂಡು ಕೇಳೋ ಸುಖ ಫೋನಿಗೆ ವೈರ್ ಸಿಕ್ಕಿಸ್ಕೊಂಡ್ರೆ ಎಲ್ಲಿ ಬರುತ್ತೆ ಹೇಳಿ.

ನಿಮ್ಮ ಯಜಮಾನ್ರು ಇದನ್ನೆಲ್ಲ ಕಂಪ್ಯೂಟರ್ ಹಾಡು ಅಂತಾರಲ್ಲ, ಅವರಿಗೆ ಹೇಳಿ. ಯಂತ್ರದಲ್ಲೇ ಹೆಸರು ಮಾಡಿದವರು ಈ ಸಲ ಡ್ರಮ್ಸಿಗೆ ಒಮರ್ ಹಕೀಂ, ಬೇಸ್ ಗಿಟಾರಿಗೆ ನೇಥನ್ ಈಸ್ಟ್, ಹೀಗೆ ಪಳಗಿದ ಕೈಗಳನ್ನೇ ಕರೆಸ್ಕೊಂಡ್ರು. 'ಗೆಟ್ ಲಕ್ಕಿ' ಹಾಡಿನ ಗಿಟಾರ್ ನೈಲ್ ರಾಜರ್ಸ್ ಅವರದ್ದು. ಅದು ಶುರುವಾದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ.

ಆದರೆ ಈ ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಜಾರ್ಜಿಯೋ ಮೊರೊಡರ್ ಅವರ ದನಿ ಇರೋದು. 1977ರಲ್ಲಿ ಗಾಯಕಿ ಡೋನಾ ಸಮ್ಮರ್‌ಗೆ ಸಿಂಥಸೈಜರ್‌ನಲ್ಲಿ ಹಾಡು ಕಟ್ಟಿಕೊಟ್ಟ ಇಟಲಿಯ ಹಿರಿಯರು. ಅವರ ಕೈಲಿ ಇವರು ಹಾಡಿಸಲೂ ಇಲ್ಲ, ನುಡಿಸಲೂ ಇಲ್ಲ. ಜೀವನದ ಕಥೆ ಹೇಳಿಸಿದ್ರು. ಡಿಸ್ಕೋಗಳಲ್ಲಿ ಹಾಡಿ ಕಾರಿನಲ್ಲೇ ಮಲಗ್ತಿದ್ದೆ ಅಂತ ಮುದುಕರ ದನಿಯಲ್ಲಿ ಹೇಳ್ತಾರೆ, ಹಿಂದೆ ಸಂಗೀತ ನಿಧಾನಕ್ಕೆ ಏರುತ್ತೆ. ಅವರು ಮಾತಾಡೋಕೆ ಕೂತಾಗ ಎದುರಿಗೆ ಒಂದಲ್ಲ, ಹಲವು ಮೈಕ್. ಒಂದೊಂದೂ ಒಂದೊಂದು ಕಾಲದ್ದು, ಅವರು ಹೇಳೋ ಕಾಲಕ್ಕೆ ತಕ್ಕ ಹಾಗೆ. ಈ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ ಅಂತ ಅವರೇ ಕೇಳಿದ್ರಂತೆ. ಯಾರಿಗೂ ಗೊತ್ತಾಗಲ್ಲ, ಮಾಡಿಸಿದವನಿಗೆ ಗೊತ್ತಾಗುತ್ತೆ ಅಂದ್ರಂತೆ ರೆಕಾರ್ಡಿಂಗ್‌ನವರು. ಅಷ್ಟು ಅಕ್ಕರೆ, ಅಕ್ಕ! ಕೇಳಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಹಳೇ ಅಭಿಮಾನಿಗಳಲ್ಲಿ ಕೆಲವರು ಗೊಣಗಿದ್ರು. ಅವರಿಗೆ ಮೊದಲಿನ ಢಂ ಢಂ ಬೇಕಿತ್ತು. ಇದು ಎಪ್ಪತ್ತರ ದಶಕದ ಕಡೆ ತಿರುಗಿ ನೋಡೋ ಸಂಗೀತ. ಅವರ ನಿರಾಸೆ ನನಗೆ ಅರ್ಥ ಆಗುತ್ತೆ, ಆದ್ರೆ ಒಪ್ಪೋಕಾಗಲ್ಲ. 2014ರ ಜನವರಿಯಲ್ಲಿ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತು. ಧ್ವನಿಮುದ್ರಣಕ್ಕೇ ಇನ್ನೊಂದು ಬಂತು ನೋಡಿ, ಆ ಮೈಕುಗಳ ಶ್ರಮ ಯಾರಿಗೋ ಕೇಳಿಸಿತ್ತು. ವೇದಿಕೆ ಮೇಲೆ ಇಬ್ಬರೂ ಹೆಲ್ಮೆಟ್ ಹಾಕ್ಕೊಂಡು ಸುಮ್ಮನೆ ನಿಂತಿದ್ರು. 2021ರಲ್ಲಿ ಬೇರೆ ಆದ್ರು.

ಸಂಜೆ ಬನ್ನಿ ಅಕ್ಕ, ಮೊರೊಡರ್ ಅವರದ್ದು ಹಾಕ್ತೀನಿ, ಒಂಬತ್ತು ನಿಮಿಷ ಇದೆ. ಮೆಣಸಿನಕಾಯಿನೂ ತಂದ್ಬಿಡಿ, ತೊಟ್ಟು ಬಿಡಿಸ್ತಾ ಕೇಳೋಣ.