ಪದ್ಮಿನಿಯ ಯಜಮಾನರು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದೇ ಹಳೇ ಬಡಾವಣೆಯಲ್ಲಿ ಓಡಾಡಿ, ಇವರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಬನಿಯನ್ನು, ಎತ್ತಿ ಕಟ್ಟಿದ ಪಂಚೆ, ಕೈಯಲ್ಲೊಂದು ಎಮರಿ ಪೇಪರ್. ಎದುರಿಗೆ ಬಾನೆಟ್ ಎತ್ತಿಕೊಂಡು ನಿಂತ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಆ ಕಾರಿನ ತಯಾರಿಕೆ 2000ದ ಸುಮಾರಿಗೇ ನಿಂತುಹೋಯಿತು. ಇವರ ಗೇಟಿನೊಳಗೆ ಇನ್ನೂ ನಡೆದೇ ಇದೆ.

ಗಾಡಿಗೆ ಏನೇ ಬರಲಿ, ಯಜಮಾನರದು ಒಂದೇ ತೀರ್ಪು: "ಅರ್ಥಿಂಗ್ ಸರಿ ಇಲ್ಲ." ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಯಿತೆ? ಅರ್ಥಿಂಗ್. ಎಡಕ್ಕೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಕಣ್ಣು ಮಿಟುಕಿಸಿತೆ? ಅರ್ಥಿಂಗ್. ಪಕ್ಕದ ಮನೆಯವರು ಮಂಡಿನೋವು ಅಂದರೂ ಒಂದು ಗಳಿಗೆ ಯೋಚಿಸುತ್ತಾರೆ.

ಕಾರಿನ ಮಟ್ಟಿಗೆ ಅವರ ಮಾತು ಸುಳ್ಳೇನಲ್ಲ. ಬ್ಯಾಟರಿಯಿಂದ ದೀಪಕ್ಕೆ ಹೋದ ಕರೆಂಟು ವಾಪಸು ಬರುವುದು ಬಾಡಿಯ ತಗಡಿನ ಮೂಲಕ. ನಡುವೆ ತುಕ್ಕೋ ಪೇಂಟೋ ಅಡ್ಡ ಬಂದರೆ ಅದು ಸಿಕ್ಕ ದಾರಿ ಹಿಡಿಯುತ್ತದೆ. ಸ್ಟಾರ್ಟರ್ ಮೋಟಾರು 100 ಆಂಪಿಯರ್ ಎಳೆಯುವಾಗ ಬರೀ 0.01 ಓಮ್ ತಡೆಯಿದ್ದರೂ ಇರುವ 12 ವೋಲ್ಟಿನಲ್ಲಿ ಒಂದು ಗುಳುಂ. ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಂಡಾದರಂತೂ ಕರೆಂಟು ಪಾಪದ ಚೋಕ್ ಕೇಬಲ್ ಹಿಡಿದುಕೊಂಡು ಬರುತ್ತದೆ. ಹಾಗೆ ಕಾದ ಕೇಬಲ್ಲನ್ನು ಮುಟ್ಟಿ ಬೆರಳು ಸುಟ್ಟುಕೊಂಡ ದಿನ ಯಜಮಾನರು "ನಾನು ಹೇಳಿರಲಿಲ್ವೆ!" ಎಂದು ಬೆರಳು ಊದಿಕೊಳ್ಳುತ್ತಲೇ ಬೀಗಿದ್ದರು.

ಕೆಲಸ ಅಚ್ಚುಕಟ್ಟು, ಅದಕ್ಕೆ ಎರಡು ಮಾತಿಲ್ಲ. ಬೋಲ್ಟ್ ಬಿಚ್ಚಿ, ಅಡಿಯ ತಗಡು ಹೊಳೆಯುವ ತನಕ ಉಜ್ಜಿ, ಸ್ಟಾರ್ ವಾಷರ್ ಕೂರಿಸಿ, ಬಿಗಿ ಮಾಡಿ, ಮತ್ತೆ ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರುತ್ತಾರೆ. ವ್ಯಾಸಲೀನ್ ಮಾತ್ರ ಮನೆಯಾಕೆಯದು.

ಮೊನ್ನೆ ಹಬ್ಬದೂಟಕ್ಕೆ ಮಗಳ ಮನೆಗೆ ಹೊರಡುವ ಹೊತ್ತಿಗೆ ಗಾಡಿ 'ಟಕ್' ಎಂದು ಸುಮ್ಮನಾಯಿತು. ಕರೆಸಿದ ಎಲೆಕ್ಟ್ರಿಷಿಯನ್ ಹುಡುಗ ಬ್ಯಾಟರಿಯ ಮೈನಸ್ಸಿನಿಂದ ನೇರ ಇಂಜಿನ್ನಿಗೇ ಒಂದು ದಪ್ಪ ಕೇಬಲ್ ಎಳೆದ. ಕೀ ತಿರುಗಿಸಿದ್ದೇ ತಡ, ಪದ್ಮಿನಿ ಗುರ್ರೆಂದಳು. ಯಜಮಾನರ ಮುಖ ಸಪ್ಪಗಾಯಿತು.

"ಬಿಚ್ಚಪ್ಪ ಅದನ್ನ. ಕಂಪನಿಯವನು ಕೊಟ್ಟಿದ್ದಲ್ಲ."

"ಸಾರ್, ಸ್ಟಾರ್ಟ್ ಆಯ್ತಲ್ಲ!"

"ಆಯ್ತಪ್ಪ. ಹಳೇ ಅರ್ಥಿಂಗ್ ಎಲ್ಲಿ ಕೈ ಕೊಡ್ತು ಅಂತ ಗೊತ್ತಾಗೋದು ಬೇಡ್ವೆ?"

ಅಷ್ಟು ಹೊತ್ತಿಗೆ ಮನೆಯಾಕೆ ಹೋಳಿಗೆ ಡಬ್ಬಿ ಹಿಡಿದು ಆಟೋ ಹತ್ತಿಯಾಗಿತ್ತು. ಯಜಮಾನರು ಬಾನೆಟ್ಟಿನೊಳಗಿಂದಲೇ ಕೂಗಿದರು: "ನೀನು ಹೋಗ್ತಾ ಇರು, ಹತ್ತೇ ನಿಮಿಷ, ಬಂದೆ! ಲೇ, ವ್ಯಾಸಲೀನ್ ಎಲ್ಲಿಟ್ಟಿದ್ದೀಯೇ?"