ಗೇಟು ಬಿದ್ದೈತಿ

ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ನಾವು ಓಣಿಯ ಹೆಸರು ಹೇಳುವವರಲ್ಲ, ಗೇಟಿನ ನಂಬರು ಹೇಳುವವರು. ‘ಫಸ್ಟ್ ಗೇಟಿನ ಸನೇಕ’, ‘ಸೆಕೆಂಡ್ ಗೇಟ್ ದಾಟಿ ಎಡಕ್ಕ’, ‘ಥರ್ಡ್ ಗೇಟಿನ ಆಚೀಕ’. ಹೊಸಬರು ಇವು ಕೋಟೆಯ ಬಾಗಿಲುಗಳಿರಬೇಕು ಎಂದುಕೊಳ್ಳುತ್ತಾರೆ. ಊರಿನಲ್ಲಿ ಕೋಟೆಯೂ ಇದೆ, ಅದರೊಳಗೆ ಕಮಲ ಬಸದಿಯೂ ಇದೆ. ಆದರೆ ನಮ್ಮವು ಬರೀ ರೈಲ್ವೆ ಗೇಟುಗಳು. ಸ್ಟೇಷನ್ ಬಿಟ್ಟು ಖಾನಾಪುರ, ಲೋಂಡಾ ಕಡೆ ಹೊರಟ ಗಾಡಿ ಕಾಂಗ್ರೆಸ್ ರಸ್ತೆಯ ಮಗ್ಗುಲಲ್ಲೇ ಹಾಯ್ದು ನಮ್ಮ ಬಡಾವಣೆಯನ್ನು ಎರಡು ಹೋಳು ಮಾಡುತ್ತದೆ. ಹೋಳುಗಳನ್ನು ಮತ್ತೆ ಹೊಲಿಯುವ ಕೆಲಸ ಈ ಗೇಟುಗಳದ್ದು.

‘ಗೇಟು ಬಿದ್ದಿತ್ರಿ’ ಎಂಬುದು ಈ ಊರಿನಲ್ಲಿ ಸಾಕ್ಷಿ ಬೇಡದ ಸಬೂಬು. ಆಫೀಸಿಗೆ ತಡವಾದರೆ, ಮದುವೆಯ ಅಕ್ಷತೆ ತಪ್ಪಿದರೆ, ದವಾಖಾನೆಯ ಪಾಳಿ ಹೋದರೆ ಇದೊಂದು ಮಾತು ಸಾಕು, ಮುಂದೆ ಯಾರೂ ಕೇಳುವುದಿಲ್ಲ. ನಾನಂತೂ ಎಚ್ಚರವಾಗದೆ ಮಲಗಿದ ದಿನವೂ ಅದನ್ನೇ ಹೇಳಿ ಪಾರಾಗಿದ್ದೇನೆ.

ಗೇಟು ಬಿದ್ದಾಗ ಮೊದಲ ಎರಡು ನಿಮಿಷ ಎಲ್ಲರೂ ಹಳಿಯ ಕಡೆ ನೋಡುತ್ತಾರೆ, ನೋಡಿದರೆ ಗಾಡಿ ಬೇಗ ಬರುತ್ತದೆ ಎಂಬಂತೆ. ಆಮೇಲೆ ಒಬ್ಬೊಬ್ಬರೇ ಇಂಜಿನ್ ಬಂದ್ ಮಾಡುತ್ತಾರೆ. ಮೂರನೇ ನಿಮಿಷಕ್ಕೆ ಪಕ್ಕದವರ ಚೀಲದೊಳಗೆ ಕಣ್ಣು ಇಳಿಯುತ್ತದೆ. ‘ಬದನಿಕಾಯಿ ಹೆಂಗ ಕೊಟ್ರಿ?’ ಎಂದು ಶುರುವಾದ ಮಾತು ಮಗಳ ಲಗ್ನಕ್ಕೆ ಬಂದು ನಿಂತಿರುತ್ತದೆ, ಅಷ್ಟರಲ್ಲಿ ಗೂಡ್ಸ್ ಗಾಡಿ. ಅದರ ಡಬ್ಬಿ ಎಣಿಸುವುದು ಹುಡುಗರ ಆಟ ಎನ್ನುವುದು ಸುಳ್ಳು. ಬಾಯಿ ಬಿಡದೆ ಎಣಿಸುವ ಹಿರಿಯರೇ ಹೆಚ್ಚು. ‘ಐವತ್ತೆಂಟು’ ಎಂದು ನಾನೊಮ್ಮೆ ಗೊಣಗಿದ್ದಕ್ಕೆ ಹಾಲಿನ ಕ್ಯಾನಿನವರು ತಿರುಗಿ, ‘ಐವತ್ತೊಂಬತ್ತ್ರಿ. ಹಿಂದಿನ ಗಾರ್ಡಿನ ಡಬ್ಬಿ ಹಿಡೀಲಿಲ್ಲ ನೀವು’ ಎಂದರು. ಗಾರ್ಡಿನ ಡಬ್ಬಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬ ವಾದ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ. ಹೀಗೆ ನಡೆಯುತ್ತಿದೆ ಎಂದು ನಮ್ಮ ಗಮನಕ್ಕೇ ಬರುವುದಿಲ್ಲ, ಹೊರಗಿನಿಂದ ಬಂದ ನೆಂಟರು ಹೇಳಿದಾಗ ಬರುತ್ತದೆ. ಚಳಿಗಾಲದಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಬಂದರೆ ಗಡಿ ವಿಷಯಕ್ಕೆ ಕಾವೇರುತ್ತದೆ, ಪತ್ರಿಕೆಗಳ ತಲೆಬರಹಗಳು ದಪ್ಪವಾಗುತ್ತವೆ. ಗೇಟಿನಲ್ಲಿ ನಿಂತವರು ಮಾತ್ರ ಗೇಟನ್ನೇ ಬೈಯುತ್ತಾರೆ, ಎರಡೂ ಭಾಷೆಯಲ್ಲಿ.

ಈ ಭಾಗಕ್ಕೆ ಜನಜಂಗುಳಿ ಹೊಸದಲ್ಲ. 1924ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಅಧಿವೇಶನಕ್ಕೆ. ಆ ಜಾಗಕ್ಕೆ ವಿಜಯನಗರ ಎಂದು ಹೆಸರಿಟ್ಟು, ಬಂದವರಿಗೆ ಕುಡಿಯಲು ಒಂದು ಬಾವಿ ತೋಡಿದರು. ಅದೇ ಈಗಿನ ಕಾಂಗ್ರೆಸ್ ಬಾವಿ. ಖರ್ಚು 4,370 ರೂಪಾಯಿ 3 ಆಣೆ. ಆ ಮೂರಾಣೆಯ ಮೇಲೆ ನನಗೆ ಬಲು ಪ್ರೀತಿ. ದೇಶದ ದೊಡ್ಡವರೆಲ್ಲ ಬಂದು ಹೋದ ಮೇಲೆ ಯಾರೋ ಒಬ್ಬರು ದೀಪದ ಕೆಳಗೆ ಕೂತು ಮೂರಾಣೆಯನ್ನೂ ಬಿಡದೆ ಬರೆದಿಟ್ಟಿದ್ದಾರೆ. ಇಂಥವರೊಬ್ಬರು ಈಗಲೂ ನಮ್ಮ ಓಣಿಯ ಗಣಪತಿ ಮಂಡಳದಲ್ಲಿದ್ದಾರೆ. ಉಳಿದ ಹನ್ನೊಂದು ರೂಪಾಯಿ ಏನು ಮಾಡುವುದು ಎಂದು ನವರಾತ್ರಿಯವರೆಗೂ ಕೇಳುತ್ತಿರುತ್ತಾರೆ.

ನೀರಿನ ಸುತ್ತ ಜನ ಸೇರುವುದು ಇಲ್ಲಿಯ ಹಳೇ ರೂಢಿ. ರಾಕಸಕೊಪ್ಪದ ನೀರು ಎರಡು ಮೂರು ದಿನಕ್ಕೊಮ್ಮೆ ನಳಕ್ಕೆ ಬರುತ್ತಿದ್ದ ಕಾಲದಲ್ಲಿ ನೀರು ಬಿಡುವಾತನ ಸೈಕಲ್ ಕಂಡರೆ ಸಾಕು, ಸುದ್ದಿ ಓಣಿಯ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಒಂದು ಮನೆಯ ಕಾಕು ಇಲ್ಲವೆಂದರೆ ಪಕ್ಕದ ಮನೆಯ ವೈನಿ ಅವರ ಬ್ಯಾರಲ್ಲಿಗೂ ಪೈಪ್ ಬಿಡುತ್ತಿದ್ದರು. 2008ರ ಸುಮಾರಿಗೆ ನಗರದ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ತಾಸೂ ನೀರು ಬಂತು. ಅಂಥ ಒಂದು ವಾರ್ಡಿನಲ್ಲಿರುವ ನನ್ನ ತಂಗಿ ಬಹಳ ಸುಖವಾಗಿದ್ದಾಳೆ. ಪಕ್ಕದ ಮನೆಯವರ ಹೆಸರೇನು ಎಂದು ಕೇಳಿದರೆ, ‘ಬೋರ್ಡ್ ನೋಡಿ ಹೇಳ್ತೀನಿ ತಡಿ’ ಎನ್ನುತ್ತಾಳೆ. ಹಾಗೆಂದು ನೀರು ನಿಲ್ಲಿಸಿರಿ ಎನ್ನಲು ನನಗೇನು ಹುಚ್ಚೇ?

ಗೇಟಿನ ಮಾತೂ ಅಷ್ಟೇ. ಮೇಲ್ಸೇತುವೆ ಬೇಕೆಂಬ ಮನವಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಥರ್ಡ್ ಗೇಟಿನಲ್ಲಿ ಸೇತುವೆ ಆಯಿತು. ಮೊದಲ ದಿನ ಅದರ ಮೇಲೆ ಹಾಯ್ದು ಏಳು ನಿಮಿಷ ಮುಂಚೆ ಮನೆ ಮುಟ್ಟಿದೆ. ಆ ಏಳು ನಿಮಿಷ ಏನು ಮಾಡಬೇಕೋ ತಿಳಿಯದೆ ಮನೆಯವಳ ಕೆಲಸದಲ್ಲಿ ತಲೆ ಹಾಕಿ ಬೈಸಿಕೊಂಡೆ.

ಖಾನಾಪುರದಲ್ಲಿ ಜನರನ್ನು ನಿಲ್ಲಿಸಲು ಗೇಟೇ ಬೇಕಿಲ್ಲ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರ್, ಅಲ್ಲಿ ನಮ್ಮ ಮಾವಶಿಯ ಮನೆ. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ, ನನಗೆ ಮುಕ್ಕಾಲು ತಾಸು ಹಿಡಿಯುತ್ತದೆ. ಪ್ರತಿ ಕಟ್ಟೆಯಿಂದಲೂ ಪ್ರಶ್ನೆ: ‘ಯಾವಾಗ ಬಂದ್ರಿ? ಒಬ್ರ ಬಂದ್ರೇನು? ಚಾ ಆತೇನು?’ ನಾನು ಮುಟ್ಟುವಷ್ಟರಲ್ಲಿ ನಾನು ಬಂದ ಸುದ್ದಿ ಮುಟ್ಟಿ ಚಹಾ ಕುದಿಯುತ್ತಿರುತ್ತದೆ. ಮಳೆಗಾಲದಲ್ಲಿ ಕ್ಷೇಮ ಸಮಾಚಾರಕ್ಕಿಂತ ಮುಂಚೆ ‘ಹೊಳಿ ಎಷ್ಟ ಬಂತು?’ ಎನ್ನುತ್ತಾರೆ. ಮಲಪ್ರಭೆ ಹುಟ್ಟಿದ್ದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಮುಂದೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿಸಿಕೊಳ್ಳುವಷ್ಟು ದೊಡ್ಡವಳಾದರೂ, ಇಲ್ಲಿಯವರಿಗೆ ಅವಳಿನ್ನೂ ಪರಕಾರ ತೊಟ್ಟ ಮನೆಮಗಳು. ಹೊತ್ತು ಮೀರಿ ಹೊರಗಿದ್ದರೆ ಕಾಳಜಿ.

ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಹೋದ ಬೇಸಿಗೆಯಲ್ಲಿ ಮಾವಶಿ ಒಂದು ನೀರಿನ ಗಡಿಗೆ ಕೊಡಿಸಿದಳು. ಮನೆಯವಳು ಹಿಂದೆ ಕೂತು ಅದನ್ನು ಕೂಸಿನಂತೆ ತೊಡೆಯ ಮೇಲೆ ಹಿಡಿದಳು, ನಾನು ಸ್ಕೂಟರ್ ಹೊಡೆದೆ. ಇಪ್ಪತ್ತಾರು ಕಿಲೋಮೀಟರ್ ಸುಸೂತ್ರವಾಗಿ ಬಂದು, ಮನೆ ಕಣ್ಣಿಗೆ ಕಾಣುವಾಗ ಸೆಕೆಂಡ್ ಗೇಟ್ ಬಿತ್ತು.

‘ಅಕ್ಕಾರ, ಖಾನಾಪುರದ್ದೇನ್ರಿ?’ ಎಂದರು ಎಡಗಡೆಯ ಆಟೊದವರು. ಹೌದೆನ್ನುವಷ್ಟರಲ್ಲಿ ಕೈ ಚಾಚಿ ಬೆರಳಗೆಣ್ಣಿನಿಂದ ಬಡಿದರು. ಟಣ್ ಎಂದಿತು. ‘ಛಲೋ ಸುಟ್ಟಾರ.’ ಬಲಗಡೆಯ ಮೋಟರ್ ಸೈಕಲ್ಲಿನವರು ಇಳಿದೇ ಬಂದು, ಕೆಳಗೆ ಬಡಿದು, ಕಿವಿ ಕೊಟ್ಟು, ‘ಇಲ್ಲಿ ದನಿ ಬ್ಯಾರೆ ಐತ್ರಿ. ಸಣ್ಣ ಬಿರಕು ಇರಬೇಕು’ ಎಂದರು. ಸೊಪ್ಪಿನ ಬುಟ್ಟಿಯ ಅಜ್ಜಿಗೆ ಇಬ್ಬರ ತೀರ್ಪೂ ಒಪ್ಪಿಗೆಯಾಗಲಿಲ್ಲ. ‘ರಾತ್ರಿ ಪೂರ್ತಿ ನೀರಾಗ ಮುಳುಗಿಸಿ ಇಡು ಯವ್ವಾ, ಮುಂಜಾನೆ ಗೊತ್ತಾಗತೈತಿ’ ಎಂದಳು. ವಿಚಾರಣೆ ಮುಗಿಯುವ ಮೊದಲೇ ಗಾಡಿ ಹೋಗಿ, ಗೇಟು ಎದ್ದು, ಹಿಂದಿನವರು ಹಾರ್ನ್ ಹೊಡೆದರು. ಡಬ್ಬಿ ಎಷ್ಟಿದ್ದವೋ, ಅಂದು ಎಣಿಸಲಾಗಲಿಲ್ಲ.

ವಾರದ ನಂತರ ಅದೇ ಗೇಟಿನಲ್ಲಿ ಒಬ್ಬರು ಹೆಲ್ಮೆಟ್ಟಿನ ಗಾಜು ಸರಿಸಿ, ‘ಏನ್ರಿ, ಗಡಿಗಿ ಸೋರತೈತೇನು?’ ಎಂದರು. ಅವರ ಹೆಸರು ನನಗೆ ಈಗಲೂ ಗೊತ್ತಿಲ್ಲ.

ಸೋರುತ್ತದೆ. ಕೆಳಗೊಂದು ತಾಟು ಇಟ್ಟಿದ್ದೇವೆ.