ಗೋಡೆ ಹಾರಲಾರದ ಕುರಿ

2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ತೋಟವೊಂದಕ್ಕೆ ರುಸ್ತುಂ-2 ಬಂದು ಬಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಮಾನವರಹಿತ ವಿಮಾನ. ಊರಿಗೆ ಊರೇ ಮೊಬೈಲ್ ಹಿಡಿದು ಓಡಿಬಂತು. ಅದೇ ತೋಟಕ್ಕೆ ಒಂದು ಕುರಿ ನುಗ್ಗಿದ್ದರೆ? ಕುರಿಯವನ ಅಪ್ಪ, ಅಜ್ಜ, ಮುತ್ತಜ್ಜ ಮೂವರ ಜನ್ಮವನ್ನೂ ಅಲ್ಲೇ ಜಾಲಾಡಿ, ಮೇಲೆ ದಂಡ ಬೇರೆ ಕಕ್ಕಿಸುತ್ತಿದ್ದರು. ವಿಮಾನಕ್ಕಾದರೆ ತಾಂತ್ರಿಕ ದೋಷ ಅನ್ನಬಹುದು. ಕುರಿಯದ್ದು ಬರೀ ಹಸಿವು.

ಆ ವಿಮಾನ ಎದ್ದದ್ದು ಚಳ್ಳಕೆರೆಯ ಅಮೃತಮಹಲ್ ಕಾವಲಿನಿಂದ. ಮೈಸೂರಿನ ಅರಸರು ದಂಡಿನ ಎತ್ತುಗಳಿಗೆಂದು ಕಾದಿಟ್ಟ ಹುಲ್ಲು ಅದು. ಟಿಪ್ಪು ಕಾಪಾಡಿದ, ಆಮೇಲೆ ಬ್ರಿಟಿಷರೂ ಇಟ್ಟುಕೊಂಡರು; ಅವರಿಗೂ ತೋಪು ಎಳೆಯಲು ಎತ್ತು ಬೇಕಿತ್ತಲ್ಲ. ನಾವು ಸ್ವತಂತ್ರರು. ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹಂಚಿ ಕೈತೊಳೆದುಕೊಂಡೆವು. ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಈ ಸಂಗತಿ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಯ ತನಕ ಹೋದರು. ಆದರೂ 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ಮನುಷ್ಯರಿಲ್ಲದ ವಿಮಾನಕ್ಕೆ ಕುರಿಗಳಿಲ್ಲದ ನೆಲ. ಲೆಕ್ಕ ಸರಿಯಾಗೇ ಇದೆ.

ಅತ್ತ ಪಾವಗಡದಲ್ಲಿ 13,000 ಎಕರೆಯ ಸೋಲಾರ್ ಪಾರ್ಕು, 2,050 ಮೆಗಾವಾಟು. ಫಲಕಗಳ ಕೆಳಗೆ ಹುಲ್ಲು ಬೆಳೆಯುತ್ತದೆ, ಕೀಳಲು ಕೂಲಿ ಆಳುಗಳಿದ್ದಾರೆ. ಕುರಿಗಳು ಪುಕ್ಕಟೆ ಮಾಡುತ್ತಿದ್ದ ಕೆಲಸ ಬೇಲಿ ಹಾಕಿದಮೇಲೆ ಉದ್ಯೋಗ ಸೃಷ್ಟಿಯಾಗಿದೆ.

ಬೆಳಗಾವಿ ಸೀಮೆಯ ಅಲೆಮಾರಿ ಕುರುಬರನ್ನು ತಡೆಯಲು ಗೋಡೆಯೇ ಬೇಕಿಲ್ಲ, ಕಾಲುವೆ ಸಾಕು. ಕುದುರೆಯ ಮೇಲೆ ಬಲೆ, ಪಾತ್ರೆ, ಕೋಳಿ, ಆಗಷ್ಟೇ ಹುಟ್ಟಿದ ಮರಿ ಹೇರಿಕೊಂಡು, ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ ನಡೆಯುವ ಜನ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಇವರಿಗೆ ಕಾಳೋ ಕಾಸೋ. ಈಗ ಕಾಲುವೆ ನೀರು ಬಂದಲ್ಲಿ ವರ್ಷಪೂರ್ತಿ ಕಬ್ಬು. ಹೊಲ ಖಾಲಿ ಬೀಳುವುದೇ ಇಲ್ಲ. ಗೊಬ್ಬರಕ್ಕೆ ಯೂರಿಯಾ ಚೀಲವಿದೆ. ಅದರ ಹಿಂದೆ ನಾಯಿ ಬೊಗಳಿಕೊಂಡು ಬರುವುದಿಲ್ಲ, ಹಸಿದ ಸಂಸಾರವೂ ಬರುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಅನ್ನಬೇಡಿ. ವಲಸೆ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯಲು 2025ರಲ್ಲಿ ನಮ್ಮ ವಿಧಾನಮಂಡಲ ಮಸೂದೆಯನ್ನೇ ಪಾಸು ಮಾಡಿತು. ಒಳ್ಳೆಯದೇ, ನನ್ನ ತಕರಾರಿಲ್ಲ. ಕುರಿ ಹೊಡೆದುಕೊಂಡು ಹೋದವನನ್ನು ಇನ್ನು ಹಿಡಿಯಬಹುದು. ಹುಲ್ಲು ಹೊಡೆದುಕೊಂಡು ಹೋದವರ ಹತ್ತಿರ ಮಂಜೂರಾತಿ ಪತ್ರವಿದೆ.

ವಿಶ್ವಸಂಸ್ಥೆಯಂತೂ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದೇ ಸಾರಿದೆ. ಎಕರೆ ಕೊಡುವುದಕ್ಕಿಂತ ವರ್ಷ ಕೊಡುವುದು ಅಗ್ಗ. ಸರ್ವೆ ನಂಬರ್ ಬೇಕಿಲ್ಲ. ಇನ್ನು ಸಮಾವೇಶಗಳು ನಡೆಯುತ್ತವೆ. ನಾಯಕರ ಹೆಗಲಿಗೆ ಕರಿ ಕಂಬಳಿ, ಕೈಗೊಂದು ಕುರಿಮರಿ. ಮರಿ ಒದ್ದಾಡಿ ಅರಚುತ್ತದೆ, ಕ್ಯಾಮೆರಾದವರು "ಸಾರ್, ಇನ್ನೊಂದು ಸಲ ಎತ್ತಿ" ಅನ್ನುತ್ತಾರೆ.

ಸಂಘಟಕರಲ್ಲಿ ನನ್ನದೊಂದು ಅರಿಕೆ. ಸಮಾವೇಶವನ್ನು ಚಳ್ಳಕೆರೆಯ ಆ ಗೋಡೆಯ ಒಳಗೇ ಇಡಿ, ಹಿಂಡುಗಳಿಗೂ ಪ್ರವೇಶ ಪಾಸು ಕೊಡಿ. ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಕುರಿಗಳು ಒಂದು ಸುತ್ತು ಮೇದಿರುತ್ತವೆ. ವಂದನಾರ್ಪಣೆ ಮಾಡುವವರು ಸ್ವಲ್ಪ ಉದ್ದಕ್ಕೆ ಎಳೆದರೆ ಇನ್ನೂ ಉಪಕಾರ.